ಕಳೆದ ವಸ್ತುವನ್ನು ಹುಡುಕಿಕೊಡುವ ಸೇವೆಗೆ ಹಣ ಕೊಡುವ ಮುನ್ನ

ಉಂಗುರ, ಫೋನು, ಪ್ರಯಾಣದ ಪೆಟ್ಟಿಗೆ, ದಾಖಲೆಗಳ ಚೀಲ, ಯಾವುದು ಕಳೆದರೂ ಹಣ ಪಡೆದು ಹುಡುಕಿಕೊಡುತ್ತೇವೆ ಎನ್ನುವವರು ಇಂದು ಸುಲಭವಾಗಿ ಸಿಗುತ್ತಾರೆ. ಅವರಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಮರಳಿನ ಮೇಲೆ ಗಂಟೆಗಟ್ಟಲೆ ನಡೆಯುವ ಪರಿಣತರಿದ್ದಾರೆ, ನೀರಿನಲ್ಲಿ ಮುಳುಗಿ ತಡಕುವವರಿದ್ದಾರೆ, ತಪ್ಪಿಸಿಕೊಂಡ ಸಾಕುಪ್ರಾಣಿಯ ಜಾಡು ಹಿಡಿಯುವವರಿದ್ದಾರೆ, ನಿಮ್ಮ ಪರವಾಗಿ ಕಚೇರಿಗಳಿಗೆ ಅರ್ಜಿ ಬರೆದುಕೊಡುವವರಿದ್ದಾರೆ. ಅವರ ನಡುವೆಯೇ ವಸ್ತುವನ್ನು ತಮ್ಮ ಬಳಿ ಇಟ್ಟುಕೊಂಡು ಬೆಲೆ ಕೇಳುವವರೂ, ಮುಂಗಡ ಪಡೆದು ಕಣ್ಮರೆಯಾಗುವವರೂ ಇದ್ದಾರೆ. ಇವರನ್ನು ಬೇರ್ಪಡಿಸಲು ಒಂದು ಪ್ರಶ್ನೆ ಸಾಕು: ಹಣ ಕೇಳುತ್ತಿರುವುದು ಹುಡುಕುವ ಶ್ರಮಕ್ಕೋ, ವಸ್ತುವನ್ನು ಬಿಟ್ಟುಕೊಡುವುದಕ್ಕೋ? ಮೊದಲನೆಯದು ದುಡಿಮೆ, ಅದಕ್ಕೆ ತಕ್ಕ ಕೂಲಿ ಸಲ್ಲಬೇಕು. ಎರಡನೆಯದು ಬಹುಪಾಲು ಸಂದರ್ಭಗಳಲ್ಲಿ ನಿಮ್ಮ ವಸ್ತುವನ್ನು ನಿಮಗೇ ಮಾರುವ ವ್ಯವಹಾರ. ಮುಂದೆ ಬರುವ ಸೂಚನೆಗಳೆಲ್ಲ ಈ ಪ್ರಶ್ನೆಯಿಂದಲೇ ಹುಟ್ಟುತ್ತವೆ. ಕಾನೂನು ದೇಶದಿಂದ ದೇಶಕ್ಕೆ ಬೇರೆಯಾಗಿರುವುದರಿಂದ ಇಲ್ಲಿ ಹೆಸರಿಸಿರುವ ಕಾಯ್ದೆಗಳನ್ನು ಉದಾಹರಣೆಗಳೆಂದು ಓದಿಕೊಳ್ಳಬೇಕು. ವಸ್ತು ಬೆಲೆಬಾಳುವಂಥದ್ದಾದರೆ ನಿಮ್ಮಲ್ಲಿನ ವಕೀಲರೊಬ್ಬರನ್ನು ಕೇಳುವುದು ಒಳ್ಳೆಯದು.

ಕಳೆದದ್ದೋ, ಕಳವಾದದ್ದೋ

ಎಲ್ಲಕ್ಕಿಂತ ಮೊದಲು ಇದನ್ನು ನಿಮ್ಮೊಳಗೆ ಪ್ರಾಮಾಣಿಕವಾಗಿ ನಿರ್ಧರಿಸಿಕೊಳ್ಳಿ. ಕೈಜಾರಿ ಬಿದ್ದ ವಸ್ತುವನ್ನು ಹುಡುಕಿಸುವುದಕ್ಕೂ, ಯಾರೋ ಕದ್ದ ವಸ್ತುವನ್ನು ಮಧ್ಯವರ್ತಿಯ ಮೂಲಕ ಬಿಡಿಸಿಕೊಳ್ಳುವುದಕ್ಕೂ ಕಾನೂನಿನ ದೃಷ್ಟಿಯಲ್ಲಿ ಬಹಳ ಅಂತರವಿದೆ. ಈ ಅಂತರವನ್ನು ಕಾನೂನು ಕಲಿತದ್ದು ಕಹಿ ಅನುಭವದಿಂದ. 18ನೇ ಶತಮಾನದ ಆರಂಭದ ಲಂಡನ್ನಿನಲ್ಲಿ ಜೊನಾಥನ್ ವೈಲ್ಡ್ ಎಂಬಾತ ಕಳವಾದ ವಸ್ತುಗಳನ್ನು ಪತ್ತೆಮಾಡಿಕೊಡುವ ಕಚೇರಿಯನ್ನು ಬಹಿರಂಗವಾಗಿಯೇ ನಡೆಸುತ್ತಿದ್ದ. ಕಳೆದುಕೊಂಡವರು ಬಂದು ವಿವರ ಬರೆಸುತ್ತಿದ್ದರು, ಹಣ ಕೊಡುತ್ತಿದ್ದರು, ವಸ್ತು ಮರಳಿ ಬರುತ್ತಿತ್ತು. ಕದಿಯುತ್ತಿದ್ದವರು ಅವನ ಹಿಡಿತದಲ್ಲಿದ್ದ ಕಳ್ಳರೇ ಆಗಿದ್ದರಿಂದ ಅವನಿಗೆ ಪತ್ತೆಯ ಕೆಲಸ ಕಷ್ಟವಾಗಿರಲಿಲ್ಲ. ಕಳ್ಳನನ್ನು ನ್ಯಾಯಾಲಯಕ್ಕೆ ಒಪ್ಪಿಸದೆ ಕಳವು ಮಾಲನ್ನು ಮರಳಿಸಲು ಹಣ ಪಡೆಯುವುದನ್ನೇ ಅಪರಾಧವೆಂದು ಸಾರುವ ಕಾನೂನು ಅಲ್ಲಿ ಜಾರಿಗೆ ಬಂತು. ಕೊನೆಗೆ ವೈಲ್ಡ್ ಸಿಕ್ಕಿಬಿದ್ದದ್ದೂ ಆ ಕಾನೂನಿನಲ್ಲಿಯೇ: ಲೇಸಿನ (ಉಡುಪಿನ ಅಂಚಿಗೆ ಹೊಲಿಯುವ ಜಾಲರಿ ಬಟ್ಟೆಯ) ಕಳವಿನ ಆರೋಪದಿಂದ ಬಿಡುಗಡೆಯಾದರೂ, ಅದೇ ಲೇಸನ್ನು ಮರಳಿಸಲು ಹಣ ಪಡೆದದ್ದಕ್ಕೆ ತಪ್ಪಿತಸ್ಥನಾಗಿ 1725ರ ಮೇ 24ರಂದು ಗಲ್ಲಿಗೇರಿದ.

ಆ ತತ್ವ ಇಂದಿಗೂ ಹಲವು ದೇಶಗಳ ಕಾನೂನಿನಲ್ಲಿ ಉಳಿದಿದೆ. ಭಾರತೀಯ ದಂಡ ಸಂಹಿತೆಯ 215ನೇ ಕಲಮಿನಲ್ಲಿದ್ದು ಈಗ ಭಾರತೀಯ ನ್ಯಾಯ ಸಂಹಿತೆಯ 252ನೇ ಕಲಮಿನಲ್ಲಿರುವ ನಿಯಮದ ಪ್ರಕಾರ, ಅಪರಾಧದಿಂದ ಕೈತಪ್ಪಿದ ಚರ ವಸ್ತುವನ್ನು ಮರಳಿ ಪಡೆಯಲು ನೆರವಾಗುವ ಹೆಸರಿನಲ್ಲಿ ಯಾರಾದರೂ ಪ್ರತಿಫಲ ಪಡೆದರೆ, ಅಪರಾಧಿಯನ್ನು ಹಿಡಿಸಿ ಶಿಕ್ಷೆಗೆ ಗುರಿಪಡಿಸಲು ತನ್ನ ಕೈಲಾದ ಎಲ್ಲವನ್ನೂ ಮಾಡಿದ ಹೊರತು, ಆತ ಶಿಕ್ಷಾರ್ಹ. ಆದ್ದರಿಂದ ವಸ್ತು ಕಳವಾಗಿದೆ ಎಂಬ ಅನುಮಾನ ಬಲವಾಗಿದ್ದರೆ ಮೊದಲ ಹೆಜ್ಜೆ ಪೊಲೀಸ್ ದೂರು. ದೂರಿನ ಪ್ರತಿಯನ್ನು ನೋಡಿದ ಮೇಲೆಯೂ ಕೆಲಸಕ್ಕೆ ಒಪ್ಪುವ, ಸಿಕ್ಕ ಮಾಹಿತಿಯನ್ನು ತನಿಖಾಧಿಕಾರಿಗೆ ಕೊಡಲು ಸಿದ್ಧವಿರುವ ಸೇವೆಯೊಂದಿಗೆ ಮಾತ್ರ ಮುಂದಿನ ಮಾತು. "ದೂರು ಕೊಟ್ಟರೆ ಮಾಲು ಸಿಗುವುದಿಲ್ಲ, ಹಣ ಕೊಟ್ಟರೆ ಸಂಜೆಯೊಳಗೆ ತರಿಸುತ್ತೇನೆ" ಎಂದವನಿಗೆ ಮಾಲು ಎಲ್ಲಿದೆ ಎಂಬುದು ಆಗಲೇ ಗೊತ್ತಿರುವ ಸಾಧ್ಯತೆ ಹೆಚ್ಚು. ಇಂಥವನಿಗೆ ಹಣ ಕೊಡುವುದು ಮುಂದಿನ ಕಳವಿಗೆ ಬಂಡವಾಳ ಹೂಡಿದಂತೆ.

ಜಾಹೀರಾತಿನ ಮಾತುಗಳಲ್ಲಿಯೂ ಎಚ್ಚರ ಬೇಕು. "ತಂದುಕೊಟ್ಟವರನ್ನು ಏನೂ ಕೇಳುವುದಿಲ್ಲ" ಎಂಬ ಸಾಲನ್ನು ಜನ ಸಂಕಟದಲ್ಲಿ ಸಹಜವಾಗಿ ಬರೆದುಬಿಡುತ್ತಾರೆ. ಇಂಗ್ಲೆಂಡಿನ 1968ರ ಕಳವು ಕಾಯ್ದೆಯ 23ನೇ ಕಲಮು ಅಂಥ ಸಾಲಿರುವ ಬಹುಮಾನದ ಪ್ರಕಟಣೆಯನ್ನೇ ಅಪರಾಧವೆನ್ನುತ್ತದೆ. ವಸ್ತು ಕಳವಾಗಿದ್ದರೂ ಸರಿ, ಬರೀ ಕಳೆದಿದ್ದರೂ ಸರಿ, ಪ್ರಕಟಣೆ ಕೊಟ್ಟವರ ಜೊತೆಗೆ ಮುದ್ರಿಸಿದವರೂ ಪ್ರಕಟಿಸಿದವರೂ ಹೊಣೆಗಾರರಾಗುತ್ತಾರೆ. ನಿಮ್ಮ ದೇಶದಲ್ಲಿ ಅಂಥ ಕಲಮು ಇಲ್ಲದಿದ್ದರೂ ಆ ಸಾಲನ್ನು ಬಿಡುವುದೇ ಮೇಲು. "ಪ್ರಾಮಾಣಿಕವಾಗಿ ಮರಳಿಸಿದವರಿಗೆ ಸೂಕ್ತ ಬಹುಮಾನ" ಎಂದರೆ ಸಾಕು.

ಹಣವಿಲ್ಲದೆ ಆಗುವ ಕೆಲಸವನ್ನು ಮೊದಲು ಮುಗಿಸಿ

ಹುಡುಕಿಕೊಡುವ ಸೇವೆಗಳು ಮಾಡುವ ಕೆಲಸದಲ್ಲಿ ಎಷ್ಟೋ ಪಾಲನ್ನು ನೀವೇ ಖರ್ಚಿಲ್ಲದೆ ಮಾಡಬಹುದು. ಸಾರಿಗೆ ಸಂಸ್ಥೆ, ನಿಲ್ದಾಣ, ಹೋಟೆಲ್, ಆಸ್ಪತ್ರೆ, ಪೊಲೀಸ್ ಠಾಣೆಗಳಲ್ಲಿ ಸಿಕ್ಕ ವಸ್ತುಗಳ ದಾಖಲೆ ಇರುತ್ತದೆ. ಅಲ್ಲಿ ವಿಚಾರಿಸಲು ಯಾರ ಶಿಫಾರಸೂ ಬೇಕಿಲ್ಲ. ಹೀಗಿದ್ದರೂ ಸಾರಿಗೆ ಸಂಸ್ಥೆಯ ಜಾಲತಾಣವನ್ನೇ ಹೋಲುವ ಪುಟ ತೆರೆದು, ಉಚಿತವಾಗಿ ಕೊಡಬಹುದಾದ ಅರ್ಜಿಗೆ ಶುಲ್ಕ ಪಡೆದು, ಅದನ್ನು ಆ ಸಂಸ್ಥೆಗೆ ದಾಟಿಸುವುದಷ್ಟನ್ನೇ ಮಾಡುವವರಿದ್ದಾರೆ. ತಾವು ಮಧ್ಯವರ್ತಿಗಳೆಂದು ಪುಟದ ಮೇಲ್ಭಾಗದಲ್ಲಿಯೇ ಹೇಳಿ, ಉಚಿತ ದಾರಿಯೂ ಇದೆಯೆಂದು ತಿಳಿಸಿದರೆ ಅದು ನ್ಯಾಯವಾದ ವ್ಯಾಪಾರ. ಆ ಮಾತನ್ನು ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಡಗಿಸಿಟ್ಟರೆ ಅದನ್ನು ನಾನು ಮೋಸವೆಂದೇ ಪರಿಗಣಿಸುತ್ತೇನೆ.

ವಿಮಾನಯಾನದಲ್ಲಿ ಪೆಟ್ಟಿಗೆ ಬಾರದಿದ್ದರೆ ಹುಡುಕುವ ಹೊಣೆ ವಿಮಾನ ಸಂಸ್ಥೆಯದೇ. 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುವ ಅಂತರರಾಷ್ಟ್ರೀಯ ಪ್ರಯಾಣದಲ್ಲಿ, ಪೆಟ್ಟಿಗೆ ಬರಬೇಕಿದ್ದ ದಿನದಿಂದ 21 ದಿನ ಕಳೆದರೂ ಬಾರದಿದ್ದರೆ ಅದು ಕಳೆದುಹೋಗಿದೆಯೆಂದು ಭಾವಿಸಿ ಪರಿಹಾರ ಕೇಳಬಹುದು. ಅಷ್ಟರೊಳಗೆ ಬೇರೆಯವರಿಗೆ ಹಣ ಕೊಟ್ಟು ಹುಡುಕಿಸುವ ಅಗತ್ಯ ಬೀಳುವುದು ಅಪರೂಪ. ವಾರಸುದಾರರಿಲ್ಲದೆ ಬಿದ್ದಿರುವ ಠೇವಣಿ, ಷೇರುಗಳ ವಿಷಯವೂ ಹೀಗೆಯೇ: ಅವುಗಳನ್ನು ಹುಡುಕಲು ಸರ್ಕಾರಿ ವ್ಯವಸ್ಥೆಗಳು ಹಲವೆಡೆ ಉಚಿತವಾಗಿಯೇ ಇವೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಇಂಥ ಹುಡುಕಾಟದ ಒಪ್ಪಂದಗಳಲ್ಲಿ ಶುಲ್ಕ ಮರಳಿ ಬಂದ ಮೊತ್ತದ ಶೇ. 10ನ್ನು ಮೀರಬಾರದೆಂದು ಮಿತಿ ಹಾಕಿದೆ. ಅರ್ಧ ಪಾಲು ಕೇಳುವವರು ಎದುರಾದಾಗ ಈ ಅಂಕಿಯನ್ನು ನೆನಪಿಸಿಕೊಳ್ಳಿ.

ವಸ್ತುವಿಗೆ ವಿಮೆ ಇದ್ದರೆ ಕಂಪನಿಗೆ ತಿಳಿಸದೆ ಯಾರನ್ನೂ ನೇಮಿಸಬೇಡಿ. ಪರಿಹಾರ ಪಡೆದ ನಂತರ ವಸ್ತು ಸಿಕ್ಕರೆ ಅದರ ಮೇಲಿನ ಹಕ್ಕು ಸಾಮಾನ್ಯವಾಗಿ ಕಂಪನಿಗೆ ಹೋಗುತ್ತದೆ. ಸಿಕ್ಕದ್ದನ್ನು ಮುಚ್ಚಿಟ್ಟರೆ ಅದು ನಿಮ್ಮ ಕಡೆಯ ವಂಚನೆಯಾಗುತ್ತದೆ.

ಸಿಕ್ಕವರಿಗೆ ಏನು ಸಲ್ಲಬೇಕು

ಸೇವೆ ನಡೆಸುವವರು ಬೇರೆ, ದಾರಿಯಲ್ಲಿ ವಸ್ತು ಸಿಕ್ಕಿತೆಂದು ಕರೆ ಮಾಡುವವರು ಬೇರೆ. ಆದರೆ ಸೇವೆಯವರು ಹಲವು ಬಾರಿ ಎರಡನೆಯವರ ಹಕ್ಕನ್ನು ತಮ್ಮದೆಂಬಂತೆ ಮಾತಾಡುವುದರಿಂದ ಇದನ್ನು ಬಿಡಿಸಿ ಹೇಳಬೇಕಾಗಿದೆ.

ವಸ್ತು ಸಿಕ್ಕವರಿಗೆ ಅದರ ಮೇಲೆ ಒಂದು ಬಗೆಯ ಹಕ್ಕು ಇರುವುದು ನಿಜ, ಆದರೆ ಆ ಹಕ್ಕು ನಿಜವಾದ ಒಡೆಯನ ಮುಂದೆ ನಿಲ್ಲುವುದಿಲ್ಲ. 1722ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದು ಹೊಗೆಗೂಡು ಸ್ವಚ್ಛಗೊಳಿಸುವ ಹುಡುಗನಿಗೆ ಸಿಕ್ಕ ಆಭರಣದ ಪ್ರಕರಣದಲ್ಲಿ, ಒಡೆಯನನ್ನು ಬಿಟ್ಟು ಉಳಿದೆಲ್ಲರ ಎದುರು ಆ ಹುಡುಗನ ಹಕ್ಕು ಊರ್ಜಿತವೆಂದು ಹೇಳಿತು. 1982ರಲ್ಲಿ ವಿಮಾನ ನಿಲ್ದಾಣದ ವಿಶ್ರಾಂತಿ ಕೊಠಡಿಯ ನೆಲದಲ್ಲಿ ಪ್ರಯಾಣಿಕನೊಬ್ಬನಿಗೆ ಸಿಕ್ಕ ಚಿನ್ನದ ಕೈಬಳೆಯ ಪ್ರಕರಣದಲ್ಲಿಯೂ ಅದೇ ತತ್ವ ಗೆದ್ದಿತು: ಒಡೆಯರು ಬಾರದ ಕಾರಣ ವಿಮಾನ ಸಂಸ್ಥೆ ಬಳೆಯನ್ನು 850 ಪೌಂಡ್‌ಗಳಿಗೆ ಮಾರಿಕೊಂಡಿತ್ತು, ಆ ಹಣ ಸಿಕ್ಕವನಿಗೇ ಸೇರಬೇಕೆಂದು ತೀರ್ಪಾಯಿತು. ಒಡೆಯರು ಬಂದಿದ್ದರೆ ಬಳೆ ಅವರದೇ ಆಗುತ್ತಿತ್ತು. ಭಾರತದ 1872ರ ಕರಾರು ಕಾಯ್ದೆಯ 71ನೇ ಕಲಮು ಸಿಕ್ಕ ವಸ್ತುವನ್ನು ಎತ್ತಿಕೊಂಡವನ ಮೇಲೆ, ಇನ್ನೊಬ್ಬರು ನಂಬಿ ಒಪ್ಪಿಸಿದ ವಸ್ತುವನ್ನು ಕಾಯುವವನಿಗಿರುವಷ್ಟೇ ಹೊಣೆಯನ್ನು ಹೊರಿಸುತ್ತದೆ. ಒಡೆಯನಾರೆಂದು ತಿಳಿದೂ, ಅಥವಾ ತಿಳಿಯುವ ಪ್ರಯತ್ನವನ್ನೇ ಮಾಡದೆಯೂ, ವಸ್ತುವನ್ನು ತನ್ನದಾಗಿಸಿಕೊಂಡರೆ ಅದು ಅಪರಾಧ.

ಬಹುಮಾನದ ಮಾತಿಗೆ ಬಂದರೆ ಕಾನೂನುಗಳು ಎರಡು ದಾರಿ ಹಿಡಿದಿವೆ. ಜಪಾನಿನಲ್ಲಿ ವಸ್ತುವನ್ನು ಸಮಯಕ್ಕೆ ಸರಿಯಾಗಿ ಒಪ್ಪಿಸಿದವರಿಗೆ ಅದರ ಬೆಲೆಯ ಶೇ. 5ರಿಂದ 20ರಷ್ಟು ಸಲ್ಲಬೇಕೆಂದು ಕಾನೂನೇ ಹೇಳುತ್ತದೆ. ಜರ್ಮನಿಯ ನಾಗರಿಕ ಸಂಹಿತೆ 500 ಯೂರೋಗಳವರೆಗಿನ ಬೆಲೆಗೆ ಶೇ. 5, ಅದರ ಮೇಲಿನ ಭಾಗಕ್ಕೆ ಶೇ. 3 ಎಂದು ನಿಗದಿಪಡಿಸಿದೆ. ಈ ಎರಡು ದೇಶಗಳ ನಿಯಮದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಶೇಕಡಾವಾರು ಲೆಕ್ಕಕ್ಕಿಂತ ಅದಕ್ಕಿರುವ ಷರತ್ತು: ಸಿಕ್ಕದ್ದನ್ನು ತಿಳಿಸದೆ ಬಚ್ಚಿಟ್ಟವನು ಬಹುಮಾನದ ಹಕ್ಕನ್ನೇ ಕಳೆದುಕೊಳ್ಳುತ್ತಾನೆ. ಅಂದರೆ ಮೊದಲು ಒಪ್ಪಿಸುವುದು, ಆಮೇಲೆ ಕೇಳುವುದು. ಇದಕ್ಕೆ ಪ್ರತಿಯಾಗಿ ನ್ಯಾಯಾಲಯಗಳ ತೀರ್ಪುಗಳಿಂದ ರೂಪುಗೊಂಡ ಇಂಗ್ಲೆಂಡಿನ ಕಾನೂನು (ಕಾಮನ್ ಲಾ), ಒಡೆಯ ತಾನಾಗಿ ಬಹುಮಾನ ಘೋಷಿಸದಿದ್ದರೆ, ನೆಲದ ಮೇಲೆ ಸಿಕ್ಕ ವಸ್ತುವಿಗೆ ಏನನ್ನೂ ಕೊಡಿಸುವುದಿಲ್ಲ. 1793ರಲ್ಲಿ ಥೇಮ್ಸ್ ನದಿಯಲ್ಲಿ ತೇಲಿಹೋದ ಮರದ ದಿಮ್ಮಿಗಳನ್ನು ದಡಕ್ಕೆ ತಂದಿರಿಸಿದವನು ಹಣ ಕೊಡುವ ತನಕ ಬಿಡುವುದಿಲ್ಲವೆಂದಾಗ, ಹಾಗೆ ತಡೆದಿಡುವ ಹಕ್ಕು ಅವನಿಗಿಲ್ಲವೆಂದು ನ್ಯಾಯಾಲಯ ತೀರ್ಮಾನಿಸಿತು.

ಭಾರತದ ಕರಾರು ಕಾಯ್ದೆ ಇವೆರಡರ ನಡುವೆ ನಿಂತಿದೆ. ಅದರ 168ನೇ ಕಲಮಿನ ಪ್ರಕಾರ, ವಸ್ತುವನ್ನು ಕಾಪಾಡಲು ಮತ್ತು ಒಡೆಯನನ್ನು ಹುಡುಕಲು ಸ್ವಂತ ಇಚ್ಛೆಯಿಂದ ಪಟ್ಟ ಶ್ರಮ ಹಾಗೂ ಖರ್ಚಿಗಾಗಿ ಸಿಕ್ಕವನು ದಾವೆ ಹೂಡುವಂತಿಲ್ಲ, ಆದರೆ ಅದು ಸಂದಾಯವಾಗುವವರೆಗೆ ವಸ್ತುವನ್ನು ತನ್ನಲ್ಲಿ ಇರಿಸಿಕೊಳ್ಳಬಹುದು. ಒಡೆಯ ನಿರ್ದಿಷ್ಟ ಬಹುಮಾನ ಘೋಷಿಸಿದ್ದರೆ ಅದಕ್ಕಾಗಿ ದಾವೆಯನ್ನೂ ಹೂಡಬಹುದು. ಈ ಕಲಮನ್ನು ತೋರಿಸಿ ಬಾಯಿಗೆ ಬಂದ ಮೊತ್ತ ಕೇಳುವವರಿಗೆ ಹೇಳಬೇಕಾದದ್ದು ಇಷ್ಟೆ: ಇರಿಸಿಕೊಳ್ಳುವ ಹಕ್ಕು ಇರುವುದು ನಿಜವಾದ ಶ್ರಮ, ಖರ್ಚು ಮತ್ತು ಘೋಷಿತ ಬಹುಮಾನಕ್ಕೆ; ವಸ್ತುವಿನ ಮೇಲೆ ನಿಮಗಿರುವ ಮಮತೆಗೆ ಬೆಲೆ ಕಟ್ಟುವ ಹಕ್ಕನ್ನು ಅದು ಕೊಡುವುದಿಲ್ಲ. ಖರ್ಚಿನ ವಿವರ ಬರೆದುಕೊಡಲು ಕೇಳಿ.

ಬಹುಮಾನ ಘೋಷಿಸುವ ಮುನ್ನ ಯೋಚಿಸಿ, ಏಕೆಂದರೆ ಘೋಷಿಸಿದ ಮೇಲೆ ಅದು ಬರೀ ಮಾತಾಗಿ ಉಳಿಯುವುದಿಲ್ಲ. ಅದನ್ನು ತಿಳಿದು ವಸ್ತುವನ್ನು ತಂದುಕೊಟ್ಟವನಿಗೆ ಕೊಡಲೇಬೇಕು. ತಿಳಿಯದೆ ತಂದವನ ವಿಷಯ ಬೇರೆ: ಕಾಣೆಯಾದ ಹುಡುಗನನ್ನು ಹುಡುಕಲು ಕಳುಹಿಸಿದ್ದ ಉದ್ಯೋಗಿಯೊಬ್ಬ, ತಾನು ಹೊರಟ ಮೇಲೆ ಪ್ರಕಟವಾದ ಬಹುಮಾನವನ್ನು ಕೇಳಿದಾಗ, ಘೋಷಣೆಯ ಅರಿವಿಲ್ಲದೆ ಕೆಲಸ ಮಾಡಿದವನಿಗೆ ಅದು ಸಲ್ಲದೆಂದು 1913ರಲ್ಲಿ ಅಲಹಾಬಾದ್ ಹೈಕೋರ್ಟ್ ಹೇಳಿತು. ಕಾನೂನು ಹಾಗೆಂದರೂ, ತಾನಾಗಿಯೇ ತಂದುಕೊಟ್ಟವನಿಗೆ ಘೋಷಿಸಿದ್ದನ್ನು ನಿರಾಕರಿಸುವುದು ಸಣ್ಣತನವೆಂಬುದು ನನ್ನ ನಿಲುವು.

ಶುಲ್ಕ ಮತ್ತು ಒಪ್ಪಂದ

ಹುಡುಕಿಕೊಡುವ ಕೆಲಸಕ್ಕೆ ಹಣ ನಿಗದಿಪಡಿಸುವ ಬಗೆಯನ್ನು ಯೋಚಿಸುವಾಗ ಸಮುದ್ರದ ಕಾನೂನು ಒಳ್ಳೆಯ ದಾರಿ ತೋರಿಸುತ್ತದೆ. ಅಪಾಯದಲ್ಲಿರುವ ಹಡಗನ್ನೋ ಸರಕನ್ನೋ ರಕ್ಷಿಸಿದವರಿಗೆ ಪ್ರತಿಫಲ ಸಲ್ಲಬೇಕೆಂಬುದು ಬಹಳ ಹಳೆಯ ನಿಯಮ. ಹಡಗುಗಳನ್ನು ರಕ್ಷಿಸುವ ಕೆಲಸಕ್ಕೆ 1908ರಿಂದ ಬಳಕೆಯಲ್ಲಿರುವ, ಲಂಡನ್ನಿನ ಲಾಯ್ಡ್ಸ್ ಸಂಸ್ಥೆಯ ಒಪ್ಪಂದ ಪತ್ರ "ಫಲವಿಲ್ಲದಿದ್ದರೆ ಹಣವಿಲ್ಲ" ಎಂಬ ತಳಹದಿಯ ಮೇಲೆ ನಿಂತಿದೆ. ಇಂಥ ಹಡಗು, ಸರಕುಗಳ ರಕ್ಷಣೆಯನ್ನು ಕುರಿತ 1989ರ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಮೂರು ಮಾತುಗಳಿವೆ: ಪ್ರತಿಫಲವು ಉಳಿಸಿದ ಸ್ವತ್ತಿನ ಬೆಲೆಯನ್ನು ಮೀರಬಾರದು, ಅಪಾಯದ ಒತ್ತಡದಲ್ಲಿ ಒಪ್ಪಿಸಿಕೊಂಡ ಅನ್ಯಾಯದ ಕರಾರನ್ನು ರದ್ದುಪಡಿಸಬಹುದು, ರಕ್ಷಿಸಿದವರೇ ವಂಚಿಸಿದರೆ ಅವರ ಪ್ರತಿಫಲ ಕಡಿಮೆಯಾಗಬಹುದು ಅಥವಾ ಪೂರ್ತಿ ಹೋಗಬಹುದು. ನೆಲದ ಮೇಲಿನ ಸೇವೆಗಳಿಗೆ ಈ ಒಪ್ಪಂದ ಅನ್ವಯಿಸುವುದಿಲ್ಲ. ಆದರೆ ನ್ಯಾಯವಾದ ಕರಾರನ್ನು ಬರೆಯಲು ಕೂತವರಿಗೆ ಈ ಮೂರು ಮಾತುಗಳಿಗಿಂತ ಒಳ್ಳೆಯ ಅಳತೆಗೋಲು ಸಿಗುವುದು ಕಷ್ಟ.

ಗಂಟೆಯ ಲೆಕ್ಕದ ಶುಲ್ಕದಲ್ಲಿ ಶ್ರಮಕ್ಕೂ ಹಣಕ್ಕೂ ನೇರ ಸಂಬಂಧವಿದೆ, ಆದರೆ ವಸ್ತು ಸಿಗದಿದ್ದರೂ ಹಣ ಹೋಗುತ್ತದೆ. ಆದ್ದರಿಂದ ಗರಿಷ್ಠ ಗಂಟೆಗಳನ್ನು ಮೊದಲೇ ನಿಗದಿಪಡಿಸಬೇಕು. ಸಿಕ್ಕರೆ ಮಾತ್ರ ಹಣ ಎಂಬ ಪದ್ಧತಿ ನಿಮ್ಮ ಪಾಲಿಗೆ ಸುರಕ್ಷಿತವಾಗಿ ಕಂಡರೂ ಅದರಲ್ಲಿ ಒಂದು ಪ್ರಲೋಭನೆ ಅಡಗಿದೆ: ಮೊದಲ ನಿಮಿಷದಲ್ಲೇ ಸಿಕ್ಕದ್ದನ್ನು ಕಷ್ಟಪಟ್ಟು ಸಿಕ್ಕಿತೆಂದು ತೋರಿಸುವುದು, ಅಥವಾ ಸಿಕ್ಕಿಲ್ಲವೆಂದು ಹೇಳಿ ಆಮೇಲೆ ಒಬ್ಬರೇ ಬಂದು ಎತ್ತಿಕೊಳ್ಳುವುದು. ಹುಡುಕುವಾಗ ನೀವೋ ನಿಮ್ಮವರೊಬ್ಬರೋ ಜೊತೆಗಿದ್ದರೆ ಈ ಅನುಮಾನವೇ ಏಳುವುದಿಲ್ಲ. ವಸ್ತುವಿನ ಬೆಲೆಯ ಇಂತಿಷ್ಟು ಪಾಲು ಎಂಬ ಲೆಕ್ಕ ನನಗೆ ಎಲ್ಲಕ್ಕಿಂತ ಕಡಿಮೆ ಒಪ್ಪಿಗೆಯಾಗುವಂಥದ್ದು. ಮದುವೆಯ ಉಂಗುರವನ್ನು ಹುಡುಕುವ ಶ್ರಮ ಅದರಲ್ಲಿರುವ ಕಲ್ಲಿನ ಬೆಲೆಯೊಂದಿಗೆ ಹೆಚ್ಚಾಗುವುದಿಲ್ಲ. ಪ್ರಯಾಣದ ಖರ್ಚಿಗೆ ಒಂದು ಸಣ್ಣ ನಿಗದಿತ ಮೊತ್ತ, ಸಿಕ್ಕರೆ ಮೊದಲೇ ಬರೆದಿಟ್ಟ ಇನ್ನೊಂದು ನಿಗದಿತ ಮೊತ್ತ, ಈ ಏರ್ಪಾಡು ಎರಡೂ ಕಡೆಗೆ ನ್ಯಾಯವಾಗಿರುತ್ತದೆ.

ಒಪ್ಪಂದ ಒಂದೇ ಪುಟದ್ದಾದರೂ ಬರಹದಲ್ಲಿರಲಿ. ವಸ್ತುವಿನ ವಿವರ, ಹುಡುಕುವ ಜಾಗ ಮತ್ತು ಅವಧಿ, ಶುಲ್ಕ, ಸಿಗದಿದ್ದರೆ ಏನು, ಹುಡುಕುವಾಗ ವಸ್ತುವಿಗೋ ಜಾಗಕ್ಕೋ ಹಾನಿಯಾದರೆ ಯಾರ ಹೊಣೆ ಎಂಬುದನ್ನು ಅದು ಹೇಳಬೇಕು. ಜೊತೆಗೆ ಈ ಸಾಲನ್ನು ತಪ್ಪದೆ ಸೇರಿಸಿ: "ವಸ್ತು ಸಿಕ್ಕ ಕೂಡಲೇ ಒಡೆಯರಿಗೆ ತಿಳಿಸತಕ್ಕದ್ದು, ಶುಲ್ಕದ ಬಗ್ಗೆ ವಿವಾದ ಉಂಟಾದರೂ ವಸ್ತುವನ್ನು ತಡೆದಿಡತಕ್ಕದ್ದಲ್ಲ." ಈ ಸಾಲಿಗೆ ಸಹಿ ಹಾಕಲು ಹಿಂಜರಿಯುವವರ ಜೊತೆ ಕೆಲಸ ಬೇಡ. ಅದಕ್ಕೆ ಪ್ರತಿಯಾಗಿ, ಒಪ್ಪಿದ ಹಣವನ್ನು ವಸ್ತು ಕೈಗೆ ಬಂದ ದಿನವೇ ಕೊಡುವುದು ನಿಮ್ಮ ಕರ್ತವ್ಯ. ವಸ್ತು ಸಿಕ್ಕ ಸಂಭ್ರಮದಲ್ಲಿ ದುಡಿದವನ ಕೂಲಿಗೆ ಚೌಕಾಸಿ ಮಾಡುವವರನ್ನೂ ಈ ಕ್ಷೇತ್ರದವರು ಬೇಕಾದಷ್ಟು ಕಂಡಿರುತ್ತಾರೆ.

ಯಾರನ್ನು ನಂಬಬೇಕು

ಒಳ್ಳೆಯ ಸೇವೆ ನಿಮ್ಮನ್ನೇ ಮೊದಲು ಪರೀಕ್ಷಿಸುತ್ತದೆ. ವಸ್ತು ನಿಮ್ಮದೆಂಬುದಕ್ಕೆ ಖರೀದಿಯ ರಸೀದಿ, ಹಳೆಯ ಫೋಟೊ, ಕ್ರಮ ಸಂಖ್ಯೆ, ಒಳಗಿನ ಕೆತ್ತನೆ, ಇಂಥ ಏನಾದರೊಂದನ್ನು ಕೇಳದವನು ನಾಳೆ ಅದೇ ವಸ್ತುವನ್ನು ಬೇರೊಬ್ಬರಿಗೂ ಒಪ್ಪಿಸಬಲ್ಲ. ಈ ಪ್ರಶ್ನೆಗಳಿಂದ ಬೇಸರಪಡಬೇಡಿ. ಆದರೆ ಪ್ರಕಟಣೆಯಲ್ಲಿ ಎಲ್ಲ ಗುರುತುಗಳನ್ನೂ ಬಿಟ್ಟುಕೊಡದೆ ಒಂದನ್ನು ನಿಮ್ಮಲ್ಲಿಯೇ ಇರಿಸಿಕೊಳ್ಳಿ. ಸಿಕ್ಕಿದೆ ಎಂದು ಕರೆ ಮಾಡಿದವನು ಅದನ್ನು ಹೇಳಬಲ್ಲನೇ ಎಂದು ನೋಡಿದರೆ ಸುಳ್ಳು ಕರೆಗಳು ಅಲ್ಲಿಯೇ ನಿಲ್ಲುತ್ತವೆ.

ಫೋನ್ ಕಳೆದವರು ಹೆಚ್ಚಿನ ಎಚ್ಚರ ವಹಿಸಬೇಕು. ತಯಾರಕರ ಹೆಸರಿನಲ್ಲಿ "ನಿಮ್ಮ ಫೋನ್ ಪತ್ತೆಯಾಗಿದೆ, ಸ್ಥಳ ನೋಡಲು ಇಲ್ಲಿ ಒತ್ತಿ" ಎಂಬ ಸಂದೇಶ ಕಳುಹಿಸಿ ಪಾಸ್‌ವರ್ಡ್ ಕದಿಯುವುದು ವ್ಯಾಪಕವಾದ ವಂಚನೆ. ಬೀಗ ಹಾಕಿದ ಫೋನನ್ನು ಮಾರಲು ಕಳ್ಳರಿಗೆ ಬೇಕಾಗಿರುವುದು ಅದೊಂದೇ. ಪಾಸ್‌ಕೋಡ್, ಪಾಸ್‌ವರ್ಡ್, ಒಟಿಪಿ ಇವುಗಳನ್ನು ಯಾವ ಸೇವೆಗೂ ಕೊಡಬೇಡಿ, ನಿಮ್ಮ ಖಾತೆಯಿಂದ ಆ ಸಾಧನವನ್ನು ತೆಗೆದುಹಾಕಬೇಡಿ. ಪ್ರತಿ ಫೋನಿಗೂ ಇರುವ ಪ್ರತ್ಯೇಕ ಗುರುತಿನ ಸಂಖ್ಯೆಯಾದ ಐಎಂಇಐಯನ್ನು ದೂರಿನೊಂದಿಗೆ ಕೊಟ್ಟು ಫೋನನ್ನು ಜಾಲದಲ್ಲಿ ನಿರ್ಬಂಧಿಸುವಂತೆ ಕೇಳಿಕೊಳ್ಳಿ. ಟ್ರ್ಯಾಕರ್ ಯಾರದೋ ಮನೆಯನ್ನು ತೋರಿಸಿದರೆ ಅಲ್ಲಿಗೆ ನೀವಾಗಲಿ, ನೀವು ನೇಮಿಸಿದವರಾಗಲಿ ನುಗ್ಗಬಾರದು: ಸ್ಥಳದ ಗುರುತಿನಲ್ಲಿ ಹೆಚ್ಚುಕಡಿಮೆ ಇರುತ್ತದೆ, ವಸ್ತು ನಿಮ್ಮದೇ ಆಗಿದ್ದರೂ ಬಾಗಿಲು ನಿಮ್ಮದಲ್ಲ. ಕಳೆದುಕೊಂಡ ಕ್ರಿಪ್ಟೊ ಹಣವನ್ನು ಮರಳಿಸುತ್ತೇವೆ ಎಂದು ಮುಂಗಡ ಕೇಳುವವರು ಒಮ್ಮೆ ಮೋಸಹೋದವರನ್ನೇ ಎರಡನೆಯ ಬಾರಿ ಹುಡುಕಿಕೊಂಡು ಬರುತ್ತಾರೆ. ಪಾಸ್‌ಪೋರ್ಟ್‌ನಂಥ ದಾಖಲೆಗೆ ಯಾರಾದರೂ ಹಣ ಕೇಳಿದರೆ ಚರ್ಚೆಗೆ ಇಳಿಯದೆ ಅದನ್ನು ಕೊಟ್ಟ ಕಚೇರಿಗೆ ತಿಳಿಸಿ ರದ್ದುಪಡಿಸಿ, ಹೊಸದಕ್ಕೆ ಅರ್ಜಿ ಹಾಕಿ.

ನೆಲ ಅಗೆಯುವ ಮುನ್ನ

ವಸ್ತು ಬಿದ್ದಿರುವ ಜಾಗ ಬೇರೆಯವರದಾದರೆ ಅವರ ಒಪ್ಪಿಗೆ ಬೇಕು, ಅದೂ ಬರಹದಲ್ಲಿ. ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಮೆಟಲ್ ಡಿಟೆಕ್ಟರ್ ಬಳಸುವುದೇ ನಿಷಿದ್ಧವಾಗಿರಬಹುದು; ಬ್ರಿಟನ್ನಿನ 1979ರ ಪುರಾತತ್ವ ಕಾಯ್ದೆಯಲ್ಲಿ ಅನುಮತಿಯಿಲ್ಲದೆ ಹಾಗೆ ಮಾಡುವುದು ಅಪರಾಧ. ನಿಮ್ಮ ಉಂಗುರ ಹುಡುಕುವಾಗ ಹಳೆಯ ನಾಣ್ಯಗಳು ಸಿಕ್ಕರೆ ಅವು ತಾವಾಗಿಯೇ ನಿಮ್ಮವೂ ಆಗುವುದಿಲ್ಲ, ಹುಡುಕಿದವನವೂ ಆಗುವುದಿಲ್ಲ. ಭಾರತದಲ್ಲಿ 1878ರ ನಿಧಿ ಕಾಯ್ದೆಯಂತೆ, ನೆಲದಲ್ಲಿ ಹುದುಗಿದ್ದು ಸಿಕ್ಕ, ಹತ್ತು ರೂಪಾಯಿಗೂ ಮೀರಿದ ಬೆಲೆಯ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು.

ಈ ಸೇವೆಯನ್ನೇ ನಡೆಸಬೇಕೆಂದಿರುವವರಿಗೆ

ನಿಮ್ಮ ಕಸುಬು ಗೌರವದ್ದು, ಅದನ್ನು ಹಾಗೆಯೇ ಉಳಿಸಿಕೊಳ್ಳಲು ಕೆಲವು ಕೆಲಸಗಳನ್ನು ನಿರಾಕರಿಸಲೇಬೇಕಾಗುತ್ತದೆ. ಕಳವಿನ ವಾಸನೆಯಿರುವ ಕೆಲಸವನ್ನು ದೂರಿನ ಪ್ರತಿಯಿಲ್ಲದೆ ಒಪ್ಪಿಕೊಳ್ಳಬೇಡಿ. ದಂಪತಿಗಳ ಜಗಳದಲ್ಲಿ, ಪಾಲುದಾರರ ವಿವಾದದಲ್ಲಿ "ಕಳೆದ" ವಸ್ತುವನ್ನು ತರಲು ಕೇಳಿದರೆ ಅದು ನಿಜಕ್ಕೂ ಕಳೆದದ್ದೇ ಎಂದು ವಿಚಾರಿಸಿ. ವಸ್ತುವನ್ನು ಹುಡುಕುವ ನೆಪದಲ್ಲಿ ವ್ಯಕ್ತಿಯೊಬ್ಬರ ವಿಳಾಸವನ್ನು ಪತ್ತೆಮಾಡಿಸಲು ಬರುವವರೂ ಇರುತ್ತಾರೆ. ಅಂಥವರಿಗೆ ನೆರವಾದರೆ ಒಬ್ಬರ ಪ್ರಾಣಕ್ಕೇ ಕುತ್ತು ಬರಬಹುದು. ಪೊಲೀಸರೆಂದೋ ಕಂಪನಿಯವರೆಂದೋ ಹೇಳಿಕೊಂಡು ಮಾಹಿತಿ ಪಡೆಯಬಾರದು. ನಿಲ್ದಾಣದ ಸ್ವಚ್ಛತಾ ಸಿಬ್ಬಂದಿ, ಕಾವಲುಗಾರರು, ಚಾಲಕರು ಕೆಲಸದ ಸಮಯದಲ್ಲಿ ಸಿಕ್ಕದ್ದನ್ನು ಒಪ್ಪಿಸುವುದು ಅವರ ಕರ್ತವ್ಯವೇ ಆಗಿರುವುದರಿಂದ, ಅವರಿಂದ ಗುಟ್ಟಾಗಿ ವಸ್ತು ಪಡೆದು ಒಡೆಯರಿಗೆ ಶುಲ್ಕ ವಿಧಿಸುವ ಏರ್ಪಾಡು, ಎಷ್ಟೇ ಚೆನ್ನಾಗಿ ನಡೆದರೂ, ವೈಲ್ಡ್‌ನ ಕಚೇರಿಯತ್ತ ಇಟ್ಟ ಹೆಜ್ಜೆಯೇ ಸರಿ. ಸಿಕ್ಕ ಫೋನು, ಚೀಲ, ಪತ್ರಗಳಲ್ಲಿ ಒಡೆಯರನ್ನು ಗುರುತಿಸಲು ಬೇಕಾದಷ್ಟನ್ನು ಮಾತ್ರ ನೋಡಬೇಕು.

ಒಪ್ಪಿಸುವ ದಿನ

ಭೇಟಿ ಜನರಿರುವ ಜಾಗದಲ್ಲಿ, ಸಾಧ್ಯವಾದರೆ ಪೊಲೀಸ್ ಠಾಣೆಯಲ್ಲಿಯೇ ಆಗಲಿ. ವಸ್ತುವನ್ನು ನೋಡಿ, ಗುರುತು ಮತ್ತು ಕ್ರಮ ಸಂಖ್ಯೆ ಹೋಲಿಸಿ, ಆಮೇಲೆ ಹಣ ಕೊಡಿ; ಹಣಕ್ಕೆ ರಸೀದಿ ಪಡೆಯಿರಿ, ವಸ್ತುವಿಗೆ ಸ್ವೀಕೃತಿ ಬರೆದುಕೊಡಿ. ಮೊದಲು ಕೊಟ್ಟ ದೂರನ್ನು ಹಿಂಪಡೆಯುವುದು ಅಥವಾ ವಸ್ತು ಸಿಕ್ಕಿದೆಯೆಂದು ಠಾಣೆಗೂ ವಿಮಾ ಕಂಪನಿಗೂ ಬರೆದು ತಿಳಿಸುವುದು ಅದೇ ವಾರದಲ್ಲಿ ಮುಗಿಯಬೇಕು. ಇಲ್ಲದಿದ್ದರೆ ಕಳೆದದ್ದೆಂದು ದಾಖಲಾಗಿರುವ ಫೋನನ್ನೋ ವಾಹನವನ್ನೋ ಬಳಸುತ್ತಿರುವ ನಿಮ್ಮ ಮೇಲೆಯೇ ಪ್ರಶ್ನೆ ಏಳುತ್ತದೆ. ಒಪ್ಪಂದಕ್ಕಿಂತ ಹೆಚ್ಚು ಕೇಳಿ ವಸ್ತುವನ್ನು ಹಿಡಿದಿಟ್ಟರೆ ಅಲ್ಲಿ ವಾದಕ್ಕೆ ನಿಲ್ಲಬೇಡಿ. ಒಪ್ಪಿದ ಮೊತ್ತವನ್ನು ಕೊಡಲು ಸಿದ್ಧವಿದ್ದೇನೆಂದು ಬರಹದಲ್ಲಿ ತಿಳಿಸಿ, ಸಂದೇಶಗಳನ್ನೆಲ್ಲ ಉಳಿಸಿಕೊಂಡು, ಒಪ್ಪಂದದ ಪ್ರತಿಯೊಂದಿಗೆ ಠಾಣೆಯಲ್ಲಿ ದೂರು ಕೊಡಿ. ಶುಲ್ಕದ ಲೆಕ್ಕದಲ್ಲಷ್ಟೇ ತಕರಾರಿದ್ದರೆ ಗ್ರಾಹಕರ ದೂರುಗಳನ್ನು ವಿಚಾರಿಸುವ ವೇದಿಕೆಗೆ ಹೋಗಿ.